ಎರಡು ಮೀಟರ್ ಕಪ್ಪು ಬಟ್ಟೆ

ಎಸೆನ್ ಮಾಡಿದ ತಪ್ಪು ಒಂದೇ. ಗ್ಯಾರೇಜಿನಲ್ಲಿ ಇಲಿ ಕಾಟವೆಂದು ಆ ಕಪ್ಪು ಬಟ್ಟೆಯ ಸುರುಳಿಯನ್ನು ಮನೆಯೊಳಗೆ ತಂದು, ಗೋಡೆಗೆ ಒಟ್ಟಿದ್ದ ರಜಾಯಿಗಳ ನಡುವೆ ತೂರಿಸಿಟ್ಟ. ಇಟ್ಟವನು ತಾಯಿಗೆ ಒಂದು ಮಾತು ಹೇಳಲಿಲ್ಲ.

ಅದು ಉಡುವ ಬಟ್ಟೆಯಲ್ಲ, ಕಾರ್ಬನ್ ನಾರಿನದು. ಅಚ್ಚಿನೊಳಗೆ ಹಾಸಿ, ರಾಳ ಬಳಿದು, ಒತ್ತಿ ಒಣಗಿಸಿದರೆ ತಗಡಿಗಿಂತ ಗಟ್ಟಿ, ಕೈಗೆತ್ತಿಕೊಂಡರೆ ಒಣರೊಟ್ಟಿಯಷ್ಟು ಹಗುರ. ಹತ್ತು ವರ್ಷದಿಂದ ಎಸೆನ್ ಕೊಚ್ಕೊರ್ ಪೇಟೆಯ ವ್ಯಾನುಗಳ ಒಡೆದ ಬಂಪರುಗಳಿಗೆ ಗಾಜಿನ ನಾರಿನ ತೇಪೆ ಹಾಕುತ್ತ, ಹಗಲೆಲ್ಲ ಮೈ ತುರಿಸಿಕೊಳ್ಳುತ್ತ ಬದುಕಿದವನು. ಕಾರ್ಬನ್ನಿನ ಕೆಲಸ ಕೈಗೆ ಬಂದದ್ದು ಇದೇ ಮೊದಲು. ತಂದವನು ತಲಾಯ್ ಎಂಬ ಕುಸ್ತಿಪಟು. ನಾರಿನ್ ಎಂಬ ಊರಿನ ಕಡೆಯವನು, ಐದು ವರ್ಷ ಕೊರಿಯಾದಲ್ಲಿ ದುಡಿದು ಬರುವಾಗ ಈ ಎರಡು ಮೀಟರನ್ನು ಎಳೆಗೂಸಿನಂತೆ ಎದೆಗವಚಿಕೊಂಡು ತಂದಿದ್ದ.

"ಇಂಥದ್ದು ಈ ದೇಶದಲ್ಲಿ ಇನ್ನೊಂದಿಲ್ಲ, ಎಸೆನಣ್ಣ. ನನ್ನ ಬೈಕಿನ ಟ್ಯಾಂಕಿಗೆ ಕವಚ ಆಗ್ಬೇಕು. ಗುರುವಾರ ಸಂಜೆ ಆರಕ್ಕೆ ಬರ್ತೀನಿ, ಬಟ್ಟೆ ಅಚ್ಚಲ್ಲಿ ಕೂತಿರ್ಬೇಕು. ಚೆನ್ನಾಗಿ ಬಂದ್ರೆ ನಮ್ಮ ಹುಡುಗ್ರ ಬೈಕೆಲ್ಲ ನಿನ್ನ ಹತ್ರಾನೇ. ಒಂದೆಳೆ ಹಾಳಾದ್ರೆ ಮಾತ್ರ..." ತಲಾಯ್ ಮಾತು ಮುಗಿಸದೆ ಎಸೆನ್‌ನ ಹೆಗಲ ಮೇಲೆ ಸುಮ್ಮನೆ ಕೈಯಿಟ್ಟ. ಆ ಹೆಗಲು ಎರಡು ದಿನ ನೋಯುತ್ತಿತ್ತು.

ಗುರುವಾರ ಬಂತು. ಅಚ್ಚಿಗೆ ಏಳು ಸಲ ಮೇಣ ತಿಕ್ಕಿಯಾಗಿತ್ತು. ಬಗ್ಗಿದರೆ ಮೀಸೆ ಕಾಣುತ್ತಿತ್ತು. ಬಟ್ಟೆ ಕತ್ತರಿಸಿಟ್ಟುಕೊಂಡು ಆಮೇಲೆ ರಾಳ ಕಲಸುವುದು ಕ್ರಮ. ಹುಮ್ಮಸ್ಸಿನಲ್ಲಿ ಎಸೆನ್ ದೇವರ ಹೆಸರು ಹೇಳಿ ಮೊದಲು ರಾಳವನ್ನೇ ಕಲಸಿದ. ಗಟ್ಟಿಯಾಗಿಸುವ ಮದ್ದು ಅದಕ್ಕೆ ಬೆರೆತ ಮೇಲೆ ನಲವತ್ತು ನಿಮಿಷ ಸಮಯ; ನಲವತ್ತೊಂದನೆಯ ನಿಮಿಷಕ್ಕೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಬೋಗುಣಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಳ ದಾಟಿ ಮನೆಗೆ ಬಂದ.

ರಜಾಯಿಗಳ ನಡುವೆ ಕೈಯಿಟ್ಟ. ಇನ್ನೊಂದು ಕಡೆ ಇಟ್ಟ. ಒಟ್ಟಿಲನ್ನೇ ಕೆಡವಿದ.

"ಅಮ್ಮಾ, ಇಲ್ಲೊಂದು ಕಪ್ಪು ಬಟ್ಟೆ ಇತ್ತಲ್ಲ."

ತಾಯಿ ಕಾಲಿಪಾ ಬಾಣಲೆಯಿಂದ ಬೋರ್ಸೋಕ್ ಎಂಬ ಕರಿದ ಹಿಟ್ಟಿನ ಉಂಡೆಗಳನ್ನು ಎತ್ತುತ್ತಿದ್ದಳು. ಮೇಲಿನ ಬೀದಿಯ ಜುಮಾದಿಲ್ ಅಜ್ಜ ಹಿಂದಿನ ದಿನ ತೀರಿಕೊಂಡಿದ್ದರು. ಸಾವಿನ ಮನೆಗೆ ನೆರೆಯವರೆಲ್ಲ ಕರಿದು ಕಳಿಸಬೇಕು. "ಹ್ಞೂಂ, ಇತ್ತು. ಒಳ್ಳೆ ಬಟ್ಟೆ ಕಣೋ, ಹಾವಿನ ಮೈ ಹಾಗೆ ಮಿನುಗ್ತಿತ್ತು. ಬೆಳಗ್ಗೆ ಬೀಗಿತ್ತಿ ಬುರುಲ್ ಬಂದಿದ್ಲು. ನಮ್ಮ ಮಗಳನ್ನ ಕೊಟ್ಟ ಮನೆಯವಳು, ಬರಿಗೈಲಿ ಕಳಿಸೋಕಾಗುತ್ತಾ? ಮರ್ಯಾದೆ ಬಟ್ಟೆ ಅಂತ ಹೆಗಲ ಮೇಲೆ ಹಾಕಿ ಕಳಿಸ್ದೆ."

ಎಸೆನ್ ಕೆಡವಿದ ರಜಾಯಿಗಳನ್ನು ಇನ್ನೊಮ್ಮೆ ಕಾಲಿನಿಂದ ಸರಿಸಿ ನೋಡಿದ.

"ನೀನು ಇಂಥ ದಿನಕ್ಕೇ ಅಂತ ತಂದಿಟ್ಟಿದ್ದೀಯ ಅಂದ್ಕೊಂಡೆ," ಎಂದಳು ತಾಯಿ. "ಜನ್ಮದಲ್ಲಿ ಒಂದು ಸಲ ನನ್ನ ಮಗನಿಗೆ ಬುದ್ಧಿ ಬಂತು ಅಂತ ಬೀಗಿತ್ತಿ ಹತ್ರ ಹೊಗಳಿಯೂ ಬಿಟ್ಟೆ."

ಕೊಚ್ಕೊರಿನಲ್ಲಿ ಮರ್ಯಾದೆಯ ಬಟ್ಟೆಯನ್ನು ಯಾರೂ ಹೊಲಿಸುವುದಿಲ್ಲ. ಕೊಟ್ಟವರ ಬೆನ್ನು ಮರೆಯಾದ ಕೂಡಲೆ ಅದು ಪೆಟ್ಟಿಗೆ ಸೇರುತ್ತದೆ. ಮುಂದಿನ ನೆಂಟರು ಬಂದಾಗ ಅವರ ಹೆಗಲೇರಿ ಹೊರಡುತ್ತದೆ. ಮದುವೆ, ಮುಂಜಿ, ಬಾಣಂತನ ಎಲ್ಲ ಸುತ್ತಿದ ಎಷ್ಟೋ ಬಟ್ಟೆಗಳು ಸೂಜಿಯ ಮುಖವನ್ನೇ ಕಂಡಿರುವುದಿಲ್ಲ. ಎಸೆನ್‌ಗೆ ಈ ಸಂಗತಿಯೇ ಧೈರ್ಯ ಕೊಟ್ಟಿತು. ಬುರುಲ್ ಅದನ್ನು ಕತ್ತರಿಸಿರಲಾರಳು. ಬೋಗುಣಿ ಕೈಯಲ್ಲಿರುವುದನ್ನು ಮರೆತು ಓಡಿದ.

ಬುರುಲ್ ಬಾಗಿಲಲ್ಲೇ ಎದುರಾದಳು. ದುಂಡನೆಯ ಹೆಂಗಸು, ಕೂತರೆ ಏಳಿಸುವುದು ಕಷ್ಟ, ಮಾತಿಗೆ ಕೂತರೆ ಇನ್ನೂ ಕಷ್ಟ. ಅವಳ ಕಣ್ಣು ನೇರ ಬೋಗುಣಿಗೆ ಹೋಯಿತು. ಅದರೊಳಗೆ ಹೊಂಬಣ್ಣದ ರಾಳ ತಿಳಿಯಾಗಿ ಹೊಳೆಯುತ್ತಿತ್ತು.

"ಅಯ್ಯೋ, ಬೆಳಗ್ಗೆ ಬಟ್ಟೆ, ಈಗ ಜೇನುತುಪ್ಪ. ನಿಮ್ಮ ಮನೆ ಕೈ ದೊಡ್ಡದಪ್ಪ," ಎಂದು ಬೋಗುಣಿಯನ್ನು ಕಿತ್ತುಕೊಂಡು ಒಳಗೆ ಹೋದಳು.

"ಬೀಗಿತ್ತಿ, ಅದು ಜೇನಲ್ಲ. ಆ ಬಟ್ಟೆ..."

"ಮೊದ್ಲು ಕೂತ್ಕೋ. ರೊಟ್ಟಿ ಮುರಿ. ರೊಟ್ಟಿ ಮುಟ್ಟದೆ ಹೊಸ್ತಿಲು ದಾಟ್ತಾರಾ?"

ಎಸೆನ್ ರೊಟ್ಟಿ ಮುರಿದ. ಚಹಾ ಬಂತು. ಅವಳು ಬಟ್ಟಲನ್ನು ತುಂಬಿಸಿ ಕೊಡಲಿಲ್ಲ. ತುಂಬಿಸಿ ಕೊಟ್ಟರೆ ಬೇಗ ಎದ್ದು ಹೋಗು ಎಂದ ಹಾಗೆ. ಬಟ್ಟಲ ತಳದಲ್ಲಿ ಒಂದು ಗುಟುಕು ಹಾಕಿ ಕೊಡುವುದು, ಕುಡಿದರೆ ಮತ್ತೆ ಒಂದು ಗುಟುಕು. ಪ್ರತಿ ಗುಟುಕಿಗೂ ಅವನು "ಆ ಬಟ್ಟೆ" ಎನ್ನುವನು, ಅವಳು ಜುಮಾದಿಲ್ ಅಜ್ಜನ ಹಲ್ಲುಗಳ ಬಗ್ಗೆ ಹೇಳುವಳು. ತೊಂಬತ್ತಾರು ವರ್ಷಕ್ಕೂ ಮೂಳೆ ಕಡಿಯುತ್ತಿದ್ದರಂತೆ.

ಏಳನೆಯ ಗುಟುಕಿಗೆ ಬುರುಲ್ ಜೇನು ಬಡಿಸಲು ಬೋಗುಣಿಯಲ್ಲಿ ಚಮಚ ಇಟ್ಟಳು. ಚಮಚ ನಿಂತಿತು. ಅವಳು ಕೈ ಬಿಟ್ಟಳು. ಆಗಲೂ ನಿಂತೇ ಇತ್ತು. ಆಮೇಲೆ ಬೋಗುಣಿಯಿಂದ ತೆಳ್ಳಗೆ ಹೊಗೆ ಏಳತೊಡಗಿತು, ಒಳಗೆಲ್ಲೋ ಚಟ್ ಎಂದು ಬಿರುಕು ಬಿಟ್ಟ ಸದ್ದಾಯಿತು.

ಬುರುಲ್ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಇದನ್ನ ನನಗೆ ತಿನ್ನಿಸೋಕೆ ತಂದಿದ್ಯಾ?"

"ತಿನ್ನೋಕಲ್ಲ ಬೀಗಿತ್ತಿ, ಮೋಟಾರ್‌ಸೈಕಲ್ಲಿಗೆ. ದಮ್ಮಯ್ಯ, ಆ ಕಪ್ಪು ಬಟ್ಟೆ ಎಲ್ಲಿ?"

"ನನ್ನ ಇನ್ನೊಬ್ಬ ಸೊಸೆ ಕೈಲಿ ಸಾವಿನ ಮನೆಗೆ ಕಳಿಸ್ದೆ," ಎಂದಳು ಬುರುಲ್, ಹೊಗೆಯಿಂದ ಕಣ್ಣು ತೆಗೆಯದೆ. "ಅಷ್ಟು ವಯಸ್ಸಾದವರ ಮನೆಗೆ ಬಟ್ಟೆ ಒಯ್ಯಬೇಕಲ್ಲ. ಹರಿದು ಹಂಚ್ತಾರೆ."

ತುಂಬು ಬಾಳು ಬಾಳಿದವರು ಹೋದಾಗ ಬಂದವರಿಗೆಲ್ಲ ಒಂದೊಂದು ಬಟ್ಟೆಯ ಚೂರು ಕೊಡುತ್ತಾರೆ; ಆ ಚೂರಿನ ಜೊತೆ ಅವರ ಆಯುಸ್ಸೂ ಒಂದಿಷ್ಟು ಮನೆಗೆ ಬರಲಿ ಎಂದು. ಅವನ ಅಜ್ಜಿಯ ಪೆಟ್ಟಿಗೆಯಲ್ಲೇ ಅಂಥ ಹನ್ನೊಂದು ಚೂರುಗಳಿದ್ದವು.

ಮೇಲಿನ ಬೀದಿಯ ಅಂಗಳದಲ್ಲಿ ಬಿಳಿ ಕಂಬಳಿಯ ಡೇರೆ ಎದ್ದಿತ್ತು. ಬಾಗಿಲ ಬಳಿ ಗಂಡಸರು ಕೋಲೂರಿ, ತಲೆ ಬಾಗಿಸಿ ಸಾಲಾಗಿ ನಿಂತಿದ್ದರು. ಗಂಡಸಾದವನು ಸಾವಿನ ಮನೆಗೆ ಸುಮ್ಮನೆ ನಡೆದು ಬರುವಂತಿಲ್ಲ. ದೂರದಿಂದಲೇ ಅಳುತ್ತ ಬರಬೇಕು. ಎಸೆನ್ ಬಾಯಿ ತೆರೆದ. ಬುರುಲ್ ಮನೆಯಿಂದ ಗಂಟಲಲ್ಲೇ ನಿಂತಿದ್ದುದೆಲ್ಲ ಒಟ್ಟಿಗೆ ಹೊರಬಂತು.

"ಅಯ್ಯೋ ನನ್ನಪ್ಪಾ, ಇನ್ನೆಲ್ಲಿ ಹುಡುಕಲಿ ನಿನ್ನ, ಇಂಥದ್ದು ಇನ್ನೊಂದು ಇಲ್ವಲ್ಲಪ್ಪಾ..."

ಸಾಲಿನಲ್ಲಿದ್ದ ಮುದುಕರು ತಲೆಯೆತ್ತಿ ನೋಡಿದರು. ಇಬ್ಬರು ಬಂದು ಅವನ ತೋಳು ಹಿಡಿದುಕೊಂಡರು. "ಹೊಟ್ಟೇಲಿ ಹುಟ್ಟಿದ ಮಕ್ಕಳೂ ಹೀಗೆ ಅಳಲಿಲ್ಲ," ಎಂದು ಒಬ್ಬ ಇನ್ನೊಬ್ಬನಿಗೆ ಮೆಲ್ಲಗೆ ಹೇಳಿದ.

ಡೇರೆಯ ಹಿಂದೆ ಹೆಂಗಸರು ವೃತ್ತವಾಗಿ ನಿಂತಿದ್ದರು. ನಡುವೆ ಅವನ ಬಟ್ಟೆ. ಒಂದು ತುದಿ ಅಜ್ಜನ ಹಿರಿಯ ಮಗಳು ಅಸಿಪಾಳ ಕೈಯಲ್ಲಿ, ಇನ್ನೊಂದು ತುದಿಯಲ್ಲಿ ಮೂವರು ಸೊಸೆಯರು. ಹಗ್ಗ ಜಗ್ಗುವವರಂತೆ ಎಳೆಯುತ್ತಿದ್ದರು. ಜಪ್ಪಯ್ಯ ಅಂದರೂ ಬಟ್ಟೆ ಹರಿಯಲಿಲ್ಲ. ಒಬ್ಬಳು ಹಲ್ಲು ಹಚ್ಚಿ, ದವಡೆ ಹಿಡಿದುಕೊಂಡು ಹಿಂದೆ ಸರಿದಳು.

"ನಲವತ್ತು ಮನೆ ಸಾವು ನೋಡಿದ್ದೀನಿ," ಎಂದಳು ಒಬ್ಬ ಮುದುಕಿ. "ಹರಿಯದ ಬಟ್ಟೆ ನೋಡಿರಲಿಲ್ಲ. ತೊಂಬತ್ತಾರು ವರ್ಷ ಸಾವಿಗೇ ಬಗ್ಗದವರ ಬಟ್ಟೆ, ಈ ಸೊಸೆಯರಿಗೆ ಬಗ್ಗುತ್ತಾ?"

ಹೆಂಗಸರಲ್ಲಿ ಒಂದು ನಿಟ್ಟುಸಿರು ಹರಿದಾಡಿತು. ಮುಲ್ಲಾ ಕೂಡ ಇಣುಕಿ ನೋಡಿ ಗಡ್ಡ ನೀವಿಕೊಂಡರು.

ಎಸೆನ್ ನುಗ್ಗಿ ಅಸಿಪಾಳ ಮುಂದೆ ನಿಂತ. "ಅತ್ತೆ, ಈ ಬಟ್ಟೆ ನಮ್ಮ ಮನೇದು. ಅದು..."

"ಗೊತ್ತು ಮಗಾ. ಬುರುಲಳ ಸೊಸೆ ಹೇಳಿದ್ಲು." ಎಪ್ಪತ್ತು ದಾಟಿದ ಅಸಿಪಾ ಅವನ ಮುಖವನ್ನು ಎರಡು ಅಂಗೈಗಳ ನಡುವೆ ಹಿಡಿದಳು. "ಇಂಥ ಬಟ್ಟೆ ಕೊಡೋಕೆ ಎಂಥ ಮನಸ್ಸು ಬೇಕು. ನಮ್ಮಪ್ಪನ ಆಯುಸ್ಸು ನಿನಗೆ ಬರ್ಲಿ."

ಅರವತ್ತು ಜೋಡಿ ಅಂಗೈ ಒಟ್ಟಿಗೆ ಮೇಲೆದ್ದವು. "ಆಮೀನ್."

ಎಸೆನ್‌ನ ಅಂಗೈಯೂ ತಾನಾಗಿ ಎದ್ದಿತು. ಚಿಕ್ಕಂದಿನಿಂದ ಬಂದ ಅಭ್ಯಾಸ. "ಆಮೀನ್," ಎಂದ.

ಅಷ್ಟರಲ್ಲಿ ಯಾರೋ ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತಂದಿದ್ದರು. ಅದರ ಒಂದೊಂದು ಕಚಕ್ ಸದ್ದೂ ಎಸೆನ್‌ನ ಹೊಕ್ಕುಳಲ್ಲಿ ಕೇಳಿಸಿತು. ಕೊನೆಗೆ ಎಣಿಸಿದರು: ಅರವತ್ತಮೂರು ಚೂರು. ಹೆಂಗಸರು ತಮ್ಮ ಪಾಲನ್ನು ಹಣೆಗೊತ್ತಿಕೊಂಡು ಎದೆಯೊಳಗೆ ಇಳಿಸಿಕೊಂಡರು. ಅಲ್ಲಿಂದ ಮರಳಿ ಕೇಳುವಂತೆಯೂ ಇರಲಿಲ್ಲ. ಅಸಿಪಾ ಮೊದಲ ಚೂರನ್ನೇ ಎಸೆನ್‌ಗೆ ಕೊಟ್ಟಳು.

ಆರು ಗಂಟೆಗೆ ಗ್ಯಾರೇಜಿನ ಮುಂದೆ ಮೋಟಾರ್‌ಸೈಕಲ್ ನಿಂತ ಸದ್ದಾಯಿತು. ಎಸೆನ್ ಖಾಲಿ ಅಚ್ಚಿನ ಪಕ್ಕ ಮೊಗಚಿದ ಬಕೆಟ್ಟಿನ ಮೇಲೆ ಕೂತಿದ್ದ. ಹೇಳಬೇಕಾದ ಸುಳ್ಳುಗಳನ್ನೆಲ್ಲ ಎಣಿಸಿ ನೋಡಿ, ಒಂದೂ ಆ ಕೈಗಳ ಮುಂದೆ ನಿಲ್ಲದು ಎನಿಸಿ, ನಿಜವನ್ನೇ ಹೇಳಿ ಸಾಯುವುದೆಂದು ನಿಶ್ಚಯಿಸಿದ್ದ.

ತಲಾಯ್ ಬಾಗಿಲಿಗಡ್ಡವಾಗಿ ನಿಂತ. ಒಳಗಿನ ಬೆಳಕು ಅರ್ಧ ಹೋಯಿತು. ಅವನ ಕಣ್ಣುಗಳು ಕೆಂಪಗೆ ಊದಿದ್ದವು.

"ತಲಾಯ್, ನಿನ್ನ ಬಟ್ಟೆ ವಿಷಯ..."

"ಇನ್ನೂ ಹಾಕಿಲ್ಲ ತಾನೇ?" ತಲಾಯ್ ಖಾಲಿ ಅಚ್ಚನ್ನು ನೋಡಿ ದೊಡ್ಡ ಉಸಿರು ಬಿಟ್ಟ. "ದೇವರು ದೊಡ್ಡವನು. ಎಲ್ಲಿ ಹಾಕಿಬಿಟ್ಟಿದ್ದೀಯೋ ಅಂತ ದಾರಿಯುದ್ದ ಹೆದರಿಕೊಂಡೇ ಬಂದೆ."

ಎಸೆನ್ ಬಕೆಟ್ಟಿನಿಂದ ಅರ್ಧ ಎದ್ದ.

"ನಮ್ಮಜ್ಜ ಹೋಗಿಬಿಟ್ರು, ಎಸೆನಣ್ಣ. ಅಮ್ಮನ ಅಪ್ಪ. ಮೇಲಿನ ಬೀದಿ ಜುಮಾದಿಲ್ ಅಂದ್ರೆ ನಿನಗೂ ಗೊತ್ತಿರ್ಬೇಕು. ಸುದ್ದಿ ತಡವಾಗಿ ಮುಟ್ತು, ಮಣ್ಣು ಹಾಕೋ ಹೊತ್ತಿಗೆ ಬಂದು ಮುಟ್ಟಿದೆ." ಅವನು ಜಾಕೀಟಿನೊಳಗಿಂದ ಕರವಸ್ತ್ರ ತೆಗೆದು, ಮಡಿಕೆ ಮಡಿಕೆಯಾಗಿ ಬಿಚ್ಚಿದ. ಒಳಗೆ ಅಂಗೈಯಗಲದ ಕಪ್ಪು ಚೂರು. "ಅಸಿಪಾ ದೊಡ್ಡಮ್ಮ ಕೈಗಿಟ್ರು. ಹರಿಯೋಕೇ ಆಗ್ಲಿಲ್ವಂತೆ, ಹೆಂಗಸ್ರೆಲ್ಲ ಅದನ್ನೇ ಹೇಳ್ತಿದ್ರು. ಇದು ಟ್ಯಾಂಕಿನ ನಟ್ಟನಡುವೆ ಬರ್ಬೇಕು. ಅಜ್ಜ ನನ್ನ ಎದೆಗೆ ಒರಗಿ ಕೂತ ಹಾಗೆ."

ತಲಾಯ್ ಅದನ್ನು ಅಚ್ಚಿನ ನಡುವೆ ಹಗುರವಾಗಿ ಹಾಸಿದ. ಆಮೇಲೆ ಬಗ್ಗಿ ನೋಡಿದ, ಇನ್ನೂ ಬಗ್ಗಿ ನೋಡಿದ.

"ನೇಯ್ಗೆ ನೋಡು ಹೇಗಿದೆ," ಎಂದ ತಲಾಯ್, ಗದ್ಗದವಾಗಿ. "ನನ್ನ ಕೊರಿಯಾ ಬಟ್ಟೆಗೂ ಇದಕ್ಕೂ ಹೇಳಿ ಮಾಡಿಸಿದ ಜೋಡಿ. ಆ ಕಾಲದೋರು ಎಂಥದ್ದನ್ನ ಪೆಟ್ಟಿಗೇಲಿ ಇಟ್ಕೊಂಡಿದ್ರು, ಅಲ್ವಾ?"

ಎಸೆನ್ ತಲೆಯಾಡಿಸಿದ. ಏನು ಮಾಡುತ್ತಿದ್ದೇನೆಂದು ತಿಳಿಯದೆಯೇ ಅವನ ಕೈ ಅಂಗಿಯ ಜೇಬಿಗೆ ಹೋಯಿತು, ತನ್ನ ಪಾಲಿನ ಚೂರನ್ನು ತೆಗೆದು ತಲಾಯ್‌ನ ಚೂರಿನ ಪಕ್ಕಕ್ಕಿಟ್ಟಿತು. ಒಂದೇ ಕತ್ತರಿಯೇಟಿಗೆ ಬೇರೆಯಾದ ಎರಡಂಚು ಎಳೆಗೆ ಎಳೆ ಕೂಡಿಕೊಂಡವು. ಗೆರೆ ಎಲ್ಲಿದೆ ಎಂದು ಹುಡುಕಬೇಕಿತ್ತು.

ತಲಾಯ್‌ನ ಮುಖ ಅರಳಿತು. ಹೆಗಲ ಮೇಲೆ ಕೈಯಿಟ್ಟ.

"ನಾನು ಹೇಳ್ಲಿಲ್ವಾ, ಜೋಡಿ ಅಂತ. ನನ್ನ ಬಟ್ಟೆ ಕತ್ತರಿಸೋಕೂ ಶುರು ಮಾಡಿದ್ದೀಯ. ಸರಿ, ಉಳಿದದ್ದು ತೆಗಿ."