ಹನ್ನೆರಡು ಮೊಟ್ಟೆಗಳನ್ನು ಕುಲುಕಿ ನೋಡಿದ ಮಹನೀಯರಿಗೆ

ಪಾರ್ಸೆಲ್ ಸಂಸ್ಥೆಯ ಶಾಖಾ ಮ್ಯಾನೇಜರರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ಕಚೇರಿಯ ತೂಕದ ಯಂತ್ರವೂ, ಎರಡು ತಿಂಗಳಿಂದ ನಾನು ಯಾವಾಗ ಫೋನು ಮಾಡಿದರೂ ಊಟಕ್ಕೆ ಹೋಗಿರುವ ತಮ್ಮ ದೂರು ವಿಭಾಗದ ಅಧಿಕಾರಿಗಳೂ ಕುಶಲವೆಂದು ನಂಬಿದ್ದೇನೆ. ಇಲ್ಲಿ ನಾನು ಕ್ಷೇಮ, ನನ್ನ ಹೆಂಡತಿ ಕ್ಷೇಮ. ಮೊಟ್ಟೆಗಳ ವಿಷಯದಲ್ಲಿ ಹಾಗೆ ಬರೆಯಲು ಕೈ ಬಾರದ್ದರಿಂದ ಈ ಪತ್ರ.

ನಾನು ಗಡಿಯಾರ ರಿಪೇರಿ ಮಾಡಿಕೊಂಡು ಬದುಕಿದವನು. ಶಾಲೆಯಲ್ಲಿ ಕಲಿತದ್ದು ಕಡಿಮೆ, ಬಿಚ್ಚಿ ನೋಡಿ ಕಲಿತದ್ದೇ ಹೆಚ್ಚು. ಥರ್ಮೋಕೋಲ್ ಪೆಟ್ಟಿಗೆ, ಒಂದು ಬಲ್ಬು, ಬೆರಳುದ್ದದ ಫ್ಯಾನು, ಶಾಖ ಅಳೆಯುವ ಒಂದು ಸಾಧನ ಇಷ್ಟನ್ನೇ ಜೋಡಿಸಿ ಮೊಟ್ಟೆಗೆ ಕಾವು ಕೊಡುವ ಯಂತ್ರವೊಂದನ್ನು ಮನೆಯಲ್ಲೇ ಮಾಡಿಕೊಂಡಿದ್ದೇನೆ. ಮನೆಯಲ್ಲಿ ಅದಕ್ಕೆ ಕಾವುಪೆಟ್ಟಿಗೆ ಎಂದು ಹೆಸರು.

ನಮ್ಮ ಅಮ್ಮ ಸಾಕುತ್ತಿದ್ದ ಬೋಳುಕತ್ತಿನ ಚುಕ್ಕೆ ಕೋಳಿಗಳ ಸಂತತಿ ಕಡೆಗೆ ಉಳಿದಿದ್ದದ್ದು ದೂರದ ಊರಿನ ನನ್ನ ತಂಗಿಯ ಹಿತ್ತಲಲ್ಲಿ ಮಾತ್ರ: ಮೂರು ಹೇಂಟೆ, ಒಂದು ಹುಂಜ. ಆ ಹುಂಜವನ್ನು ಬೀದಿನಾಯಿ ಹಿಡಿಯಿತು. ಹುಂಜ ಹೋದ ಮೇಲೂ ವಾರ ಹತ್ತು ದಿನ ಹೇಂಟೆಗಳು ಇಡುವ ಮೊಟ್ಟೆಯಲ್ಲಿ ಅದರ ಬೀಜ ಇರುತ್ತದೆ, ಆಮೇಲಿನದೆಲ್ಲ ಬಾಣಲೆಗೇ ಸರಿ. ಮೂರು ಹೇಂಟೆಗಳಲ್ಲಿ ಒಂದಕ್ಕೂ ಕಾವಿಗೆ ಕೂರುವ ಮನಸ್ಸಿರಲಿಲ್ಲ. ಕೋಳಿಯ ಕಾವು ನಾವು ಕರೆದಾಗ ಬರುವಂಥದ್ದಲ್ಲ. ಹಾಗಾಗಿ ತಂಗಿ ಆ ದಿನಗಳ ಹನ್ನೆರಡು ಮೊಟ್ಟೆ ಕೂಡಿಟ್ಟು ನನಗೆ ಫೋನು ಮಾಡಿದಳು: "ಅಣ್ಣಾ, ಇದೇ ಕಡೇದು. ನಿನ್ನ ಪೆಟ್ಟಿಗೇಲಿ ಇಟ್ಟು ಒಂದಾದ್ರೂ ಹುಂಜ ಮಾಡಿಕೊಡು. ಇಲ್ದಿದ್ರೆ ಅಮ್ಮನ ಕೋಳಿ ನಮ್ಮ ಕಾಲಕ್ಕೇ ಮುಗೀತು ಅಂದ್ಕೋ."

ನಾನೇ ಬಂದು ತರುತ್ತೇನೆಂದೆ. "ಆ ಮಂಡಿ ಇಟ್ಕೊಂಡು ಹತ್ತು ಗಂಟೆ ಬಸ್ಸಲ್ಲಿ ಕೂರ್ತೀಯಾ? ಸುಮ್ನಿರು" ಎಂದು ಬೈದು, ತಮ್ಮ ರಸೀದಿಯ ಮೇಲೆ ಅಚ್ಚಾದ 'ತಾಯಿಯ ಮಡಿಲಿನಷ್ಟು ಜೋಪಾನ' ಎಂಬ ಮಾತನ್ನು ನಂಬಿ, ಮೊಟ್ಟೆಗಳನ್ನು ತಮ್ಮ ಮಡಿಲಿಗೆ ಹಾಕಿದಳು. ಒಂದೊಂದು ಮೊಟ್ಟೆಗೂ ಕಾಗದ ಸುತ್ತಿ, ಚೂಪು ತುದಿ ಕೆಳಗಾಗುವಂತೆ ಮರದ ಹೊಟ್ಟಿನಲ್ಲಿ ನಿಲ್ಲಿಸಿದ್ದಳು. 'ಮೊಟ್ಟೆ' ಎಂದು ಬರೆದರೆ ಒಂದೆರಡು ಒಡೆದರೇನಂತೆ ಎಂದು ಎಸೆದಾರು ಎಂಬ ಮುಂದಾಲೋಚನೆಯಿಂದ, ಡಬ್ಬದ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ 'ಒಳಗೆ ಜೀವ ಇದೆ' ಎಂದು ಬರೆದಳು. ಜಾಣತನ ಕೈಕೊಟ್ಟದ್ದು ಇಲ್ಲೇ.

ಮಾನ್ಯರೇ, ತಮ್ಮ ಸಿಬ್ಬಂದಿಯ ಕರುಣೆಯನ್ನು ಎಷ್ಟು ಹೊಗಳಿದರೂ ಸಾಲದು. ಎರಡು ದಿನದ ದಾರಿಯನ್ನು ಐದು ದಿನ ಸವೆಸಿ ಬಂದ ಆ ಡಬ್ಬದ ಬೆನ್ನಿಗೆ ತಮ್ಮ ಐದು ಕಚೇರಿಗಳ ತಪಾಸಣೆಯ ಚೀಟಿ ಅಂಟಿತ್ತು. ಮೊದಲನೆಯ ಕಚೇರಿಯವರು 'ಕುಲುಕಿ ನೋಡಲಾಗಿದೆ, ಸದ್ದಿಲ್ಲ' ಎಂದು ಬರೆದು ಸಹಿ ಹಾಕಿದ್ದರು. ಎರಡನೆಯವರು 'ಜೋರಾಗಿ ಕುಲುಕಿ ನೋಡಲಾಗಿದೆ, ಸದ್ದಿಲ್ಲ' ಎಂದಿದ್ದರು. ಮೂರನೆಯವರ ಕರುಳು ಚುರ್ ಎಂದಿರಬೇಕು, ಒಳಗಿನ ಜೀವ ಉಸಿರಾಡಲಿ ಎಂದು ಸ್ಕ್ರೂಡ್ರೈವರಿನಿಂದ ನಾಲ್ಕು ತೂತು ಕೊರೆದು, ಹಾಗೆಂದೇ ಬರೆದಿದ್ದರು. ಎರಡು ಮೊಟ್ಟೆಗಳು ಅಲ್ಲೇ ಉಸಿರು ಬಿಟ್ಟವು. ನಾಲ್ಕನೆಯವರು ಪಾಪ, ಹಸಿದಿರುತ್ತದೆ ಎಂದು ಆ ತೂತಿನಿಂದ ಒಂದು ಹಿಡಿ ಅಕ್ಕಿ ಸುರಿದು, ಅದನ್ನೂ ಬರೆದು ಸಹಿ ಹಾಕಿದ್ದರು. ಐದನೆಯವರು ಕುಲುಕಿದಾಗ ಅಕ್ಕಿ ಗಲಗಲ ಎಂದಿದೆ. ಅವರ ಷರಾ: 'ಸದ್ದು ಇದೆ. ಜೀವ ಆರೋಗ್ಯವಾಗಿದೆ.' ಇಂಥ ರೋಗಪರೀಕ್ಷೆಯನ್ನು ನಾನು ಯಾವ ಆಸ್ಪತ್ರೆಯಲ್ಲೂ ಕಂಡಿಲ್ಲ.

ಡಬ್ಬ ತಂದುಕೊಟ್ಟ ತಮ್ಮ ನೌಕರರು, ನನ್ನಂತೆಯೇ ತಲೆ ನೆರೆತವರು, ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ಹೇಳಿದರು: "ಯಜಮಾನ್ರೇ, ದಾರೀಲಿ ನಾನೂ ಮೂರು ಸಲ ಅಲ್ಲಾಡಿಸಿ ಕೇಳಿಸ್ಕೊಂಡೆ. ಆಡ್ತಾ ಇದೆ, ಏನೂ ಯೋಚ್ನೆ ಮಾಡ್ಬೇಡಿ." ಆಮೇಲೆ ನಾನು ಓದಿ ಮುಗಿಸಿದ ಚೀಟಿಯನ್ನು ಜೋಪಾನವಾಗಿ ಕಿತ್ತು, "ಇದು ಆಫೀಸಿಗೆ ವಾಪಸ್ ಹೋಗ್ಬೇಕು, ರೂಲ್ಸು" ಎಂದು ಜೇಬಿಗಿಟ್ಟುಕೊಂಡು ಹೊರಟರು. ಜೋಪಾನ ಮಾಡಲು ಬರುವುದಿಲ್ಲವೆಂದು ತಮ್ಮವರನ್ನು ದೂರುವಂತಿಲ್ಲ, ಚೀಟಿ ಒಂದಿಷ್ಟೂ ಹರಿಯಲಿಲ್ಲ.

ಉಳಿದ ಹತ್ತನ್ನು ಒಂದು ಇಡೀ ದಿನ ಅಲುಗಿಸದೆ ಸುಧಾರಿಸಿಕೊಳ್ಳಲು ಬಿಟ್ಟೆ. ಬೆಳಕಿಗೆ ಹಿಡಿದು ನೋಡಿದರೆ, ಮೊಟ್ಟೆಯ ಅಗಲ ತುದಿಯಲ್ಲಿ ಕದಲದೆ ಇರಬೇಕಾದ ಗಾಳಿಗುಳ್ಳೆ ಗಾರೆಯವರ ರಸಮಟ್ಟದ ಗುಳ್ಳೆಯಂತೆ ಅತ್ತಿಂದಿತ್ತ ಜಾರುತ್ತಿತ್ತು. ಆದರೂ ಇಟ್ಟೆ. ಮೂವತ್ತೇಳೂವರೆ ಡಿಗ್ರಿಯಲ್ಲಿ ಶಾಖ ನಿಲ್ಲಿಸಿ, ಹೊತ್ತುಹೊತ್ತಿಗೆ ಬರೆದಿಟ್ಟೆ. ಏಳನೆಯ ದಿನ ನೋಡಿದಾಗ ಎಂಟು ಮೊಟ್ಟೆಗಳಲ್ಲಿ ಏನೂ ಕೂಡಿರಲಿಲ್ಲ, ಎರಡರಲ್ಲಿ ಮಾತ್ರ ಜೇಡರಬಲೆಯಂತೆ ನರ ಹಬ್ಬಿತ್ತು. ಹದಿನೆಂಟನೆಯ ದಿನ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ, ಒದ್ದೆ ಸ್ಪಂಜು ಇಟ್ಟು ಮುಚ್ಚಳ ಮುಚ್ಚಿದೆ. ಇಪ್ಪತ್ತೊಂದು ಕಳೆಯಿತು, ಏನಿಲ್ಲ. ಇಪ್ಪತ್ತೆರಡನೆಯ ದಿನ ಒಂದು ಮರಿ ಚಿಪ್ಪೊಡೆದು ಹೊರಬಂತು. ಇನ್ನೊಂದು ಚಿಪ್ಪಿಗೆ ಒಂದು ಬಿರುಕು ಮಾಡಿ ಅಲ್ಲಿಗೇ ಸೋತಿತು.

ತಂಗಿಗೆ ಹೇಳಿದರೆ, "ಬೇಯಿಸಿಬಿಟ್ಟೆಯಲ್ಲೋ! ಅಮ್ಮನ ಕೋಳೀನ ಬೇಯಿಸಿಬಿಟ್ಟೆಯಲ್ಲೋ!" ಎಂದಳು. ನಾನು ಚೀಟಿಯ ಕಥೆ ಹೇಳಿದೆ. "ಡಬ್ಬ ಕುಲುಕಿ ಅಕ್ಕಿ ಹಾಕೋರು ಎಲ್ಲಾದ್ರೂ ಇದಾರಾ? ನಿನ್ನ ತಪ್ಪಿಗೆ ಕಥೆ ಕಟ್ಟಬೇಡ" ಎಂದು ಫೋನಿಟ್ಟಳು. ಅಂದಿನಿಂದ ಆರು ವಾರ ನನ್ನೊಡನೆ ಮಾತಿಲ್ಲ. ನನ್ನ ಹೆಂಡತಿಗೆ ಮಾತ್ರ ಫೋನು: "ಅತ್ತಿಗೆ, ಮನೇಲಿ ಎಲ್ರೂ ಹುಷಾರಾ? ಎಲ್ರೂ ಅಂದ್ರೆ ನೀವು."

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳಿವೆ. ಆ ಚೀಟಿಯ ನಕಲನ್ನು ಮೊಹರು ಹಾಕಿ ನನ್ನ ತಂಗಿಗೆ ಕಳುಹಿಸಬೇಕು. ತಾಯಿಯ ಮಡಿಲೆಂದು ಅಚ್ಚು ಹಾಕಿಸಿದ ಅಧಿಕಾರಿಗಳು ಇಪ್ಪತ್ತೊಂದು ದಿನ ರಜೆ ಹಾಕದೆ ಒಂದು ಬುಟ್ಟಿ ಮೊಟ್ಟೆಯ ಮೇಲೆ ಕೂತು ತಮ್ಮ ಮಡಿಲಿನ ಶಾಖ ಎಷ್ಟು ಡಿಗ್ರಿ ಎಂದು ಬರೆದು ಕೊಡಬೇಕು. ಐದೂ ಕಚೇರಿಯ ಪರೀಕ್ಷಕರನ್ನು ಒಂದೊಂದು ಡಬ್ಬದಲ್ಲಿ ಕೂರಿಸಿ, ಮೇಲೆ 'ಒಳಗೆ ಜೀವ ಇದೆ' ಎಂದು ಬರೆದು, ತಮ್ಮದೇ ಲಾರಿಯಲ್ಲಿ ಐದು ದಿನ ಕಳುಹಿಸಬೇಕು. ಅಕ್ಕಿ ನಾನು ಕೊಡುತ್ತೇನೆ.

ಇಷ್ಟು ಬರೆದು ಪತ್ರ ಮುಗಿಸುವವನಿದ್ದೆ. ಅಷ್ಟರಲ್ಲಿ ಮೊನ್ನೆ ಬೆಳಿಗ್ಗೆ ನಮ್ಮ ಆ ಒಂಟಿ ಮರಿ, ಬೋಳುಕತ್ತು ಕೆಂಪಗೆ ಮಾಡಿಕೊಂಡು, ಎಣ್ಣೆ ಕಾಣದ ಬಾಗಿಲಿನಂತೆ ಒಮ್ಮೆ ಕೂಗಿತು. ಹುಂಜ! ಹೆಂಡತಿ ತಂಗಿಗೆ ಫೋನು ಮಾಡಿ, ಇನ್ನೊಮ್ಮೆ ಕೂಗುವವರೆಗೆ ಅದರ ಮುಂದೆ ಹಿಡಿದಳು. ಆಮೇಲೆ ತಂಗಿ, "ಅಣ್ಣಂಗೆ ಫೋನ್ ಕೊಡಿ ಅತ್ತಿಗೆ" ಎಂದಳು. "ನಾನೇ ದುಡುಕಿದೆ ಅಣ್ಣಾ. ನಿಂದೇನೂ ತಪ್ಪಿರಲಿಲ್ಲ" ಎಂದಳು.

ಬೈಗುಳವನ್ನಾದರೂ ಆರು ವಾರ ತಡೆದುಕೊಂಡೆ, ಆ ಮಾತನ್ನು ತಡೆಯಲಾಗಲಿಲ್ಲ. ಮಾನ್ಯರೇ, ತಮ್ಮ ನೌಕರರು ಗೇಟು ದಾಟಿದ ಮೇಲೆ, ಡಬ್ಬ ಬಿಚ್ಚುವ ಮೊದಲು, ನಾನೂ ಅದನ್ನು ಕಿವಿಗೆ ಹಿಡಿದು ಒಮ್ಮೆ ಕುಲುಕಿದೆ. ನಿಂತ ವಾಚನ್ನು ಕಿವಿಗಿಟ್ಟು ಅಲ್ಲಾಡಿಸಿದ ಗಿರಾಕಿಗಳನ್ನು ನಲವತ್ತು ವರ್ಷ ಗದರಿಸಿದವನು ನಾನು, ನನ್ನ ತಂಗಿಯ ಕೈಬರಹ ಓದಿ ಹಾಗೇ ಮಾಡಿದೆ. ಆದಕಾರಣ ಚೀಟಿಯ ನಕಲಿನಲ್ಲಿ ಆರನೆಯ ಸಾಲೊಂದನ್ನು ಖಾಲಿ ಬಿಡಬೇಕಾಗಿ ಕೋರುತ್ತೇನೆ, ಸಹಿ ನಾನೇ ಹಾಕುತ್ತೇನೆ. ಇದು ಬಹಿರಂಗ ಪತ್ರ, ತಂಗಿ ಓದದೇ ಇರುವುದಿಲ್ಲ. ಆದರೂ ಭಾನುವಾರ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ, ಅವಳೆದುರು ಕೂತು ನಾನೇ ಗಟ್ಟಿಯಾಗಿ ಓದಿ ಹೇಳುವುದೆಂದು ತೀರ್ಮಾನಿಸಿದ್ದೇನೆ. ಮಂಡಿಯ ವಿಷಯಕ್ಕೆ ಬೈದರೆ ಬೈಸಿಕೊಳ್ಳುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿಯಲು ಹೆಣಗುತ್ತಿರುವ,
ಒಬ್ಬ ಹಳೆಯ ಗಡಿಯಾರದವನು

ಮರೆತ ಮಾತು: ಹುಂಜಕ್ಕೆ ತಮ್ಮ ಗೌರವಾರ್ಥ 'ಮ್ಯಾನೇಜರ್' ಎಂದೇ ಹೆಸರಿಟ್ಟಿದ್ದೇವೆ. ಕರೆದರೆ ಬರುವುದಿಲ್ಲ, ಕೇಳಿದ್ದಕ್ಕೆ ಉತ್ತರವಿಲ್ಲ, ಎದೆ ಮಾತ್ರ ಸದಾ ಮುಂದಕ್ಕೆ. ಒಂದೇ ಕೊರತೆಯೆಂದರೆ, ಗಲೀಜು ಮಾಡಿದಾಗ ಅದು ನಮ್ಮ ಶಾಖೆಯದ್ದಲ್ಲ ಎಂದು ಹೇಳಲು ಇದಕ್ಕಿನ್ನೂ ಬಂದಿಲ್ಲ.