ಕರಡಿಯ ಅಪ್ಪಣೆ

ಎಲ್ಲದಕ್ಕೂ ಕಾರಣ ಲಿಫ್ಟಣ್ಣನ ಹೆಬ್ಬೆರಳು.

ಐದು ಮಹಡಿಯ ಆ ಹಳೆಯ ಕಟ್ಟಡದಲ್ಲಿ ಲಿಫ್ಟಿನ ಗುಂಡಿ ಒತ್ತುತ್ತಲೇ ಅವನ ತಲೆ ಬೆಳ್ಳಗಾಗಿತ್ತು, ಹೆಬ್ಬೆರಳು ಸೌಟಿನ ತುದಿಯ ಹಾಗೆ ಚಪ್ಪಟೆಯಾಗಿತ್ತು. ಗಟ್ಟಿಯಾಗಿ ಒತ್ತುವುದರಲ್ಲಿ ಆ ಬೆರಳಿಗೆ ಸಾಟಿ ಇರಲಿಲ್ಲ. ನವಿರಾಗಿ ಸವರು ಎಂದರೆ ಮಾತ್ರ ಪೈಲ್ವಾನನ ಕೈಗೆ ಸೂಜಿದಾರ ಕೊಟ್ಟ ಹಾಗೆ.

ಅವತ್ತು ಬೆಳಿಗ್ಗೆ ಅವನ ಫೋನು, ರಾತ್ರಿಯೆಲ್ಲ ತನ್ನ ಪಾಡಿಗೆ ತಾನು ಏನನ್ನೋ ಇಳಿಸಿಕೊಂಡು, ಹೊಸ ಬಟ್ಟೆ ತೊಟ್ಟ ಮದುಮಗನಂತೆ ಎದ್ದು ಕೂತಿತ್ತು. ಷರತ್ತುಗಳಿಗೆ ಒಪ್ಪಿಗೆಯೇ ಎಂದು ಕೇಳಿತು. ಲಿಫ್ಟಣ್ಣ ಒತ್ತಿದ. ಹುಟ್ಟಿದ ವರ್ಷ ಯಾವುದು ಎಂದು ಕೇಳಿತು. ವರ್ಷಗಳ ಚಕ್ರವೊಂದನ್ನು ಹಿಂದಕ್ಕೆ ಹಿಂದಕ್ಕೆ ಉರುಳಿಸಬೇಕಿತ್ತು. ಮದುವೆಯಾದ ವರ್ಷವೂ ಇನ್ನೂ ಬಂದಿರಲಿಲ್ಲ, ಅಷ್ಟರಲ್ಲಿ ಮೂರನೇ ಮಹಡಿಯಿಂದ ಗಂಟೆ ಬಾರಿಸಿತು. ನಾಲ್ಕನೆಯದರಿಂದಲೂ ಬಾರಿಸಿತು. ಅವಸರದಲ್ಲಿ ಬೆರಳು ಜಾರಿ ಚಕ್ರ ಸರ್ರನೆ ಮುಂದಕ್ಕೆ ಓಡಿತು. ಅದು ಎಲ್ಲಿ ನಿಂತಿತೋ ಅಲ್ಲೇ ಲಿಫ್ಟಣ್ಣ ‘ಸರಿ’ ಎಂದು ಒತ್ತಿಬಿಟ್ಟ.

ಫೋನು ಲೆಕ್ಕ ಹಾಕಿತು. ಯಜಮಾನನಿಗೆ ಏಳು ವರ್ಷ.

ಪರದೆಯೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿತು. ಕೊರಳಿಗೆ ರಿಬ್ಬನ್ ಕಟ್ಟಿಕೊಂಡ ಕರಡಿಯೊಂದು ಬಂದು ಕೈ ಬೀಸಿತು. “ಬಾ ಪುಟ್ಟಾ! ಇನ್ನು ಮೇಲೆ ನಿನ್ನನ್ನು ನಾನು ನೋಡಿಕೊಳ್ಳುತ್ತೇನೆ!”

ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಹೀಗೆ ಹೇಳಿದವರು ಯಾರೂ ಇರಲಿಲ್ಲ. ಒಂದು ಗಳಿಗೆ ಲಿಫ್ಟಣ್ಣನಿಗೆ ಸಂತೋಷವೇ ಆಯಿತು.

ಆ ಸಂತೋಷ ಎರಡನೇ ಮಹಡಿಯ ತನಕವೂ ಬಾಳಲಿಲ್ಲ. ಬೆಳಿಗ್ಗೆಯಷ್ಟೇ ಮಗಳು ಮಾತಾಡಿದ್ದಳು. ಅವಳಿಗೆ ಹೆಣ್ಣು ಮಗು ಹುಟ್ಟಿತ್ತು. “ಅಪ್ಪಾ, ಸಂಜೆ ಮಗೂನ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬರ್ತೀವಿ. ಮನೇಲಿ ಮೊದಲ್ನೇ ಸಲ ಮಲಗಿಸೋವಾಗ ಅಮ್ಮನ ಹಾಡು ಕೇಳಿಸ್ಬೇಕು. ನನ್ನ ಹಳೇ ಫೋನು ನೀರಿಗೆ ಬಿದ್ದು ಅದರಲ್ಲಿದ್ದದ್ದು ಹೋಯ್ತಲ್ಲ. ನೀನು ಕಳಿಸ್ತೀಯ ತಾನೇ?” “ಇದೂ ಒಂದು ಕೇಳೋ ಮಾತಾ!” ಎಂದಿದ್ದ ಲಿಫ್ಟಣ್ಣ.

ಈಗ ಕಳಿಸಲು ಹೋದರೂ, ಹಾಕಿ ಕೇಳಲು ಹೋದರೂ ಕರಡಿ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಿತು. “ಈ ಧ್ವನಿ ಮಕ್ಕಳು ಕೇಳಲು ತಕ್ಕದ್ದೋ ಅಲ್ಲವೋ ಗೊತ್ತಿಲ್ಲ. ದೊಡ್ಡವರ ಅಪ್ಪಣೆ ತೆಗೆದುಕೊಂಡು ಬಾ ಪುಟ್ಟಾ.”

“ಅದು ಜೋಗುಳ ಕಣೋ!” ಎಂದು ಲಿಫ್ಟಣ್ಣ ಕರಡಿಗೆ ಕಿರುಚಿದ. ಲಿಫ್ಟಿನಲ್ಲಿದ್ದ ಹಲ್ಲುನೋವಿನ ರೋಗಿಯೊಬ್ಬರು ನೋವು ಮರೆತು ಮೂಲೆಗೆ ಸರಿದರು.

ಫೋನಿನಲ್ಲಿದ್ದ ಆ ಹಾಡನ್ನು ಹೆಂಡತಿ ಅಡುಗೆ ಮಾಡುತ್ತಲೇ ಹಾಡಿದ್ದಳು. ಎರಡನೇ ಸಾಲು ಮುಗಿಯುವ ಹೊತ್ತಿಗೆ ಪಾತ್ರೆಯ ಮುಚ್ಚಳವೊಂದು ಠಣ್ಣೆಂದು ಬೀಳುತ್ತದೆ. “ಅಯ್ಯೋ, ಹಾಳಾದ್ದೇ!” ಎಂದು ಅದಕ್ಕೆ ಬೈದು, ಅದೇ ಉಸಿರಿನಲ್ಲಿ ಮೂರನೇ ಸಾಲು ಹಿಡಿಯುತ್ತಾಳೆ. ದಿನಾ ಮಧ್ಯಾಹ್ನ ಜನ ಕಡಿಮೆಯಾದಾಗ ಲಿಫ್ಟಣ್ಣ ಅದನ್ನು ಲಿಫ್ಟಿನಲ್ಲಿ ಸಣ್ಣಗೆ ಹಾಕಿಕೊಳ್ಳುತ್ತಿದ್ದ. ಹತ್ತಿದವರು ಯಾರೂ ನಿಲ್ಲಿಸು ಎಂದಿರಲಿಲ್ಲ.

ಸಹಾಯಕ್ಕೆ ಮೊದಲು ಸಿಕ್ಕವರು ನಾಲ್ಕನೇ ಮಹಡಿಯ ವಕೀಲರು.

“ಷರತ್ತುಗಳನ್ನ ಓದಿದ್ಯೇನಯ್ಯಾ?” ಎಂದರು.

“ಓದ್ತಾ ಕೂತಿದ್ರೆ ನೀವಿನ್ನೂ ಕೆಳಗೇ ನಿಂತಿರ್ತಿದ್ರಿ ಸಾರ್. ನಿಮ್ಮ ಫೋನಿಂದು ನೀವು ಓದಿದ್ದೀರಾ?”

ವಕೀಲರು ಒಂದು ಮಹಡಿ ದಾಟುವ ತನಕ ಕೈಯಲ್ಲಿದ್ದ ಛತ್ರಿಯ ಹಿಡಿ ತಿರುಗಿಸಿದರು. ಮರುಕ್ಷಣ ಅವರ ಮುಖ ಬಲ್ಬಿನಂತೆ ಹೊತ್ತಿಕೊಂಡಿತು. “ಗೆದ್ದೆ ಕಣಯ್ಯಾ! ನಿಂಗೆ ಏಳು ವರ್ಷ ಅಂತ ಅವರೇ ಹೇಳ್ತಿದ್ದಾರೆ. ಮೈನರ್ ಒಪ್ಪಿದ ಕರಾರು ಕರಾರೇ ಅಲ್ಲ! ಇವತ್ತೇ ಕೇಸು ಹಾಕೋಣ.”

“ಹಾಕಿ ಸಾರ್! ನಿಮ್ಮ ಹೊಟ್ಟೆ ತಣ್ಣಗಿರ್ಲಿ.”

“ಆದ್ರೆ...” ವಕೀಲರ ಬಲ್ಬು ಮಂಕಾಯಿತು. “ಮೈನರ್ ಕೇಸು ಹಾಕ್ಬೇಕು ಅಂದ್ರೆ ಪೋಷಕರು ಬೇಕಲ್ಲಯ್ಯಾ. ನಿಮ್ಮಪ್ಪ ಇದ್ದಾರಾ?”

ಲಿಫ್ಟಣ್ಣ ಕೈಯೆತ್ತಿ ಲಿಫ್ಟಿನ ಚಾವಣಿ ತೋರಿಸಿದ. ಐದನೇ ಮಹಡಿಯಲ್ಲಿ ಎಂದುಕೊಂಡು ವಕೀಲರು ಗುಂಡಿ ಒತ್ತಲು ಹೋದರು. “ಅದಕ್ಕೂ ಮೇಲೆ ಸಾರ್,” ಎಂದ ಲಿಫ್ಟಣ್ಣ.

ಪೋಷಕಿಯಾಗಲು ಓಡಿ ಬಂದವಳು ಮೂರನೇ ಮಹಡಿಯ ಹಲ್ಲಿನ ಆಸ್ಪತ್ರೆಯಲ್ಲಿ ಟೋಕನ್ ಕೊಡುವ ಹುಡುಗಿ. ಎಲ್ಲರ ಬಾಯಲ್ಲೂ ಅವಳು ಟೋಕನ್ ತಂಗಿ.

“ಅಷ್ಟೇನಾ ಲಿಫ್ಟಣ್ಣಾ? ನಿಮ್ಮಮ್ಮ ನಾನೇ ಆಗ್ತೀನಿ ಕೊಡಿ ಇಲ್ಲಿ,” ಎಂದು ಫೋನು ಕಸಿದುಕೊಂಡು, ತಾಯಿ ಎಂಬಲ್ಲಿ ತನ್ನ ಹೆಸರು ಬರೆದಳು. ತಾಯಿ ಮಗು ಅಕ್ಕಪಕ್ಕ ನಿಂತ ಫೋಟೋ ಬೇಕು ಎಂದಿತು ಕರಡಿ. ನಿಂತರು. ಚಿಕ್ಕವನ ಹಾಗೆ ಕಾಣಲಿ ಎಂದು ಲಿಫ್ಟಣ್ಣ ಮೊಣಕಾಲು ಮಡಿಸಿದ, ಟೊಪ್ಪಿ ತೆಗೆದ, ಬಾಯಗಲಿಸಿ ನಕ್ಕ. ನಗಬಾರದಿತ್ತು. ಮುಂದಿನ ಎರಡು ಹಲ್ಲು ಇರಲಿಲ್ಲ.

“ಏಳು ವರ್ಷಕ್ಕೆ ಹಲ್ಲು ಬೀಳೋದು ಸರಿಯಾಗೇ ಇದೆ,” ಎಂದು ಟೋಕನ್ ತಂಗಿ ಧೈರ್ಯ ತುಂಬಿದಳು.

ಕರಡಿ ಗಲ್ಲದ ಮೇಲೆ ಬೆರಳಿಟ್ಟು ಯೋಚಿಸಿತು. “ಮಗು ತಾಯಿಗಿಂತ ಹಳೆಯದಾಗಿ ಕಾಣುತ್ತಿದೆ. ಪರಿಶೀಲಿಸಿ ತಿಳಿಸುತ್ತೇವೆ. ಅಲ್ಲಿಯ ತನಕ ಹೊರಗೆ ಹೋಗಿ ಆಡಿಕೋ ಪುಟ್ಟಾ.”

“ನಿಜವಾದ ಮನೆಯವರೇ ಬೇಕೂಂತ ಕಾಣುತ್ತೆ,” ಎಂದ ಟೋಕನ್ ತಂಗಿ, ಪೋಷಕರ ಜಾಗಕ್ಕೆ ಅವನ ಮಗಳ ಹೆಸರು, ನಂಬರು ಹಾಕಿ ಕಳಿಸಿದಳು. ತನ್ನ ಫೋನಿನಿಂದ ಮಗಳಿಗೂ ಅಳಿಯನಿಗೂ ಫೋನು ಮಾಡಿ ನೋಡಿದಳು. ಮಗು ಮನೆಗೆ ಹೊರಟ ಗಡಿಬಿಡಿಯಲ್ಲಿ ಯಾರೂ ಎತ್ತಲಿಲ್ಲ.

ಹೊತ್ತು ಇಳಿಯುತ್ತಿತ್ತು. ಉಳಿದವಳು ನೆಲಮಾಳಿಗೆಯ ರಿಪೇರಿ ಅಕ್ಕ.

ಮೆಟ್ಟಿಲ ಕೆಳಗಿನ ಒಂದು ಬೀರುವಿನಷ್ಟು ಜಾಗದಲ್ಲಿ ಅವಳ ಅಂಗಡಿ. ಬಿಚ್ಚಿದ ಫೋನುಗಳ ನಡುವೆ ಕೂತು, ಹಣೆಯ ಮೇಲೆ ದೀಪ ಕಟ್ಟಿಕೊಂಡು ಅವಳು ಲಿಫ್ಟಣ್ಣನ ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಕರಡಿ ಅಲ್ಲೂ ಅಡ್ಡ ನಿಂತಿತು. ಅಪರಿಚಿತರ ಜೊತೆ ಮಾತಾಡಬೇಡ ಪುಟ್ಟಾ ಎಂದಿತು.

“ಲಿಫ್ಟಣ್ಣಾ, ನಿಮ್ಮ ಲಿಫ್ಟು ಯಾರ್ದು?” ಎಂದು ರಿಪೇರಿ ಅಕ್ಕ ಕೇಳಿದಳು.

“ಕಟ್ಟಡದ ಓನರ್‌ದು.”

“ಕೀಲಿ ಯಾರ ಹತ್ರ ಇದೆ?”

ಲಿಫ್ಟಣ್ಣ ಸೊಂಟದಲ್ಲಿದ್ದ ಕೀಲಿ ಮುಟ್ಟಿಕೊಂಡ.

“ಈ ಫೋನ್ ಯಾರ್ದು?”

“ನಂದೇ ಕಣಮ್ಮಾ. ಪೂರ್ತಿ ದುಡ್ಡು ಕೊಟ್ಟಿದ್ದೀನಿ.”

“ಕೀಲಿ?”

ಲಿಫ್ಟಣ್ಣ ಕರಡಿಯ ಮುಖ ನೋಡಿದ. ಕರಡಿ ಕಣ್ಣು ಮಿಟುಕಿಸಿತು.

“ನೋಡಿ, ಅದೇ ತಮಾಷೆ. ನಿಮ್ಮದಲ್ಲದ್ರ ಕೀಲಿ ನಿಮ್ಮ ಹತ್ರ, ನಿಮ್ಮದರ ಕೀಲಿ ಇನ್ನೆಲ್ಲೋ. ಕೀಲಿ ಸಮೇತ ಕೊಡೋ ಸಾಫ್ಟ್‌ವೇರೂ ಇದೆ ಲಿಫ್ಟಣ್ಣಾ. ಎಲ್ಲೆಲ್ಲಿಯವರೋ ಸೇರ್ಕೊಂಡು ಬರೆದಿದ್ದು. ಒಳಗೆ ಏನಿದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡ್ಬಹುದು, ತಿದ್ಬಹುದು, ಇನ್ನೊಬ್ರಿಗೆ ಕೊಡ್ಬಹುದು. ಅದು ನಿಮ್ಮ ವಯಸ್ಸೂ ಕೇಳಲ್ಲ, ಅಪ್ಪನ್ನೂ ಕೇಳಲ್ಲ. ನನ್ನ ಫೋನಲ್ಲಿ ಅದೇ ಇರೋದು. ನಿಮ್ಮದಕ್ಕೂ ಈಗ್ಲೇ ಹಾಕಿಬಿಡ್ಲಾ?”

“ಹಾಕಮ್ಮಾ ತಾಯಿ! ಇನ್ನೂ ಯಾಕೆ ಕೇಳ್ತೀಯ!”

ಅವಳು ಕೈ ಹಿಂದಕ್ಕೆ ತೆಗೆದಳು. “ಹಾಕಿದ್ರೆ ಒಳಗಿರೋದೆಲ್ಲ ಅಳಿಸಿ ಹೋಗುತ್ತೆ. ಹಾಡೂ ಹೋಗುತ್ತೆ.”

ಲಿಫ್ಟಣ್ಣ ಫೋನನ್ನು ಮೆಲ್ಲಗೆ ಅವಳ ಮೇಜಿನಿಂದ ಎತ್ತಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ. “ಬೇಡ ಬಿಡಮ್ಮಾ. ಕರಡಿ ಮನೇಲಾದ್ರೂ ಸರಿ, ಅವಳು ಇರ್ಲಿ.”

ರಿಪೇರಿ ಅಕ್ಕ ಹಣೆಯ ದೀಪ ಆರಿಸಿದಳು.

ಸಂಜೆ ಕಟ್ಟಡ ಖಾಲಿಯಾಗುವ ಹೊತ್ತಿಗೆ ನಾಲ್ಕನೆಯ ಮಹಡಿಯಿಂದ ವಕೀಲರು ಹತ್ತಿದರು, ಮೂರರಿಂದ ಟೋಕನ್ ತಂಗಿ ಹತ್ತಿದಳು. ಏನಾಯಿತು ಎಂದು ಯಾರೂ ಕೇಳಲಿಲ್ಲ. ಲಿಫ್ಟಣ್ಣನ ಮುಖ ನೆಲ ಒರೆಸಿ ಹಿಂಡಿದ ಬಟ್ಟೆಯಂತಿತ್ತು. ಲಿಫ್ಟು ಗೊರಗೊರ ಎನ್ನುತ್ತ ಇಳಿಯತೊಡಗಿತು. ಟೋಕನ್ ತಂಗಿ ಜಾಲರಿ ಬಾಗಿಲಾಚೆ ನೋಡುತ್ತ, ತನಗೇ ಗೊತ್ತಿಲ್ಲದೆ ಗುನುಗಿದಳು.

“ಮಲಗು ಪುಟ್ಟ ಮಿಂಚುಹುಳವೇ, ಮನೆಯ ದೀಪಕೂ ನಿದ್ದೆ ಬಂತು...”

ಎರಡನೇ ಸಾಲು ಮುಗಿಯುತ್ತಲೇ ವಕೀಲರ ಛತ್ರಿ ತಾನಾಗಿ ಮೇಲೆದ್ದು ಜಾಲರಿಗೆ ಬಡಿಯಿತು. ಠಣ್!

“ಅಯ್ಯೋ, ಹಾಳಾದ್ದೇ!” ಎಂದರು ಇಬ್ಬರೂ ಒಟ್ಟಿಗೆ.

ಲಿಫ್ಟಣ್ಣ ಲಿಫ್ಟು ನಿಲ್ಲಿಸಿಬಿಟ್ಟ. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

“ನಿಮಗೆ ಬರುತ್ತಾ?” ಎಂದ ಅವನು.

“ದಿನಾ ಮಧ್ಯಾಹ್ನ ಕೇಳಿಸಿ ಕೇಳಿಸಿ ಬರ್ದೇ ಇರುತ್ತೇನಯ್ಯಾ?” ಎಂದು ವಕೀಲರು ಗದರಿದರು. ಅವರ ಕಿವಿ ಕೆಂಪಾಗಿತ್ತು. “ಅಪ್ಪಣೆ ಇಲ್ದೇ ನಕಲು ಮಾಡ್ಕೊಂಡಿದ್ದೀವಿ. ಬೇಕಾದ್ರೆ ಕೇಸು ಹಾಕು.”

ನೆಲಮಾಳಿಗೆಗೆ ಇಳಿದು ರಿಪೇರಿ ಅಕ್ಕನನ್ನೂ ಹತ್ತಿಸಿಕೊಂಡರು. ಅವಳಿಗೆ ಮೂರನೇ ಸಾಲು ಗಟ್ಟಿ. ಟೋಕನ್ ತಂಗಿಯ ಫೋನಿನಿಂದ ಅಳಿಯನ ಫೋನಿಗೆ ವೀಡಿಯೊ ಕರೆ ಹೋಯಿತು. ಈ ಸಲ ಸಿಕ್ಕಿತು. ಪರದೆಯ ಮೇಲೆ ಮಗಳು, ಅವಳ ತೋಳಿನಲ್ಲಿ ಕೆಂಪಗೆ ಮುಖ ಕಿವುಚಿಕೊಂಡು ಕಟ್ಟಡವೇ ಬೀಳುವ ಹಾಗೆ ಅರಚುತ್ತಿದ್ದ ಮೊಮ್ಮಗಳು.

ನಿಂತ ಲಿಫ್ಟಿನಲ್ಲಿ ಹಾಡು ಯಾರಿಗೂ ನೆನಪಾಗಲಿಲ್ಲ. ಲಿಫ್ಟು ಹೊರಟರೆ ಮಾತ್ರ ಬಾಯಿಗೆ ಬರುತ್ತಿತ್ತು. ಹಾಗಾಗಿ ಲಿಫ್ಟಣ್ಣ ಕೀಲಿ ತಿರುಗಿಸಿ, ಯಾವ ಗಂಟೆಗೂ ನಿಲ್ಲದಂತೆ ಲಿಫ್ಟನ್ನು ಮೇಲಕ್ಕೆ ಬಿಟ್ಟ. ಒಂದನೇ ಮಹಡಿ ದಾಟುವಾಗ ಮೊದಲ ಸಾಲು. ಎರಡನೆಯದು ದಾಟುವಾಗ ಠಣ್, ಅಯ್ಯೋ, ಹಾಳಾದ್ದೇ. ಮೂರನೆಯ ಮಹಡಿಯಲ್ಲಿ ರಿಪೇರಿ ಅಕ್ಕ ಹಿಡಿದಳು.

“ನಾಳೆಯ ಬೆಳಗು ಬಾಗಿಲ ಬಡಿದರೆ, ನಾನೇ ಎದ್ದು ತೆಗೆಯುವೆನು...”

ವಕೀಲರ ಶ್ರುತಿ ನೆಲಮಾಳಿಗೆಯಲ್ಲೇ ಉಳಿದಿತ್ತು. ಪರವಾಗಿಲ್ಲ. ಐದನೇ ಮಹಡಿ ಮುಟ್ಟಿ ಇನ್ನೊಮ್ಮೆ ಇಳಿಯುವಾಗ, ಎರಡನೇ ಸಲದ ‘ಅಯ್ಯೋ’ಗೆ ಸರಿಯಾಗಿ, ಮಗು ಆಕಳಿಸಿ ಕಣ್ಣು ಮುಚ್ಚಿತು.

ಮಗಳು ಕಣ್ಣೊರೆಸಿಕೊಂಡು ನಕ್ಕಳು. “ಅಮ್ಮ ಬೈದ ಮೇಲೇ ನಂಗೂ ನಿದ್ದೆ ಬರ್ತಿದ್ದದ್ದು ಅಪ್ಪಾ. ಎಲ್ರಿಗೂ ಹೇಗೆ ಥ್ಯಾಂಕ್ಸ್ ಹೇಳ್ಲಿ?”

ಲಿಫ್ಟಣ್ಣ ಮೂವರನ್ನೂ ನೋಡಿ ಟೊಪ್ಪಿ ತೆಗೆದ.

“ಇರಪ್ಪಾ, ನಿನ್ನ ಫೋನಿಗೆ ಅಪ್ಪಣೆ ಬೇಕಂತೆ. ನನ್ನ ಫೋನಿಗೆ ಏನೋ ಬಂದಿತ್ತು, ನೋಡೋಕೆ ಪುರುಸೊತ್ತೇ ಆಗಿರ್ಲಿಲ್ಲ. ಈಗ್ಲೇ ಒಪ್ಪಿಗೆ ಕೊಟ್ಟುಬಿಡ್ತೀನಿ. ಆಮೇಲೆ ಅಮ್ಮನ ಹಾಡೂ ಬಂದುಬಿಡುತ್ತೆ.” ಮಗಳು ಗಂಡನ ಫೋನನ್ನು ದಿಂಬಿಗೆ ಒರಗಿಸಿ, ಮಗುವನ್ನು ಒಂದು ತೋಳಿಗೆ ಸರಿಸಿ, ಇನ್ನೊಂದು ಕೈಯಲ್ಲಿ ತನ್ನ ಫೋನು ಎತ್ತಿಕೊಂಡಳು. “ನಾನು ದೊಡ್ಡವಳು ಹೌದೋ ಅಲ್ವೋ ಅಂತ ಕೇಳ್ತಿದೆ. ಹುಟ್ಟಿದ ವರ್ಷ ಹಾಕ್ಬೇಕಂತೆ.”

“ನಿಧಾನ ಮಗಳೇ! ಅವಸರ ಮಾಡ್ಬೇಡ!” ಲಿಫ್ಟಣ್ಣ ಲಿಫ್ಟೇ ನಡುಗುವ ಹಾಗೆ ಕೂಗಿದ. ಪರದೆಯ ಅಂಚಿನಲ್ಲಿ ಅವಳ ಹೆಬ್ಬೆರಳು ಕಾಣುತ್ತಿತ್ತು. ಥೇಟ್ ಅವನದೇ, ಸೌಟಿನ ತುದಿಯ ಹಾಗೆ ಚಪ್ಪಟೆ.

ಅವನ ಕೂಗಿಗೆ ಮಗು ಬೆಚ್ಚಿ ಕಾಲು ಝಾಡಿಸಿತು. ಮಗಳ ಬೆರಳು ಜಾರಿತು.

“ಅಪ್ಪಾ...”

“ಏನಮ್ಮಾ?”

“ಇಲ್ಲೊಂದು ಕರಡಿ ಬಂದಿದೆ.”

ಲಿಫ್ಟಣ್ಣನ ಜೇಬಿನಲ್ಲಿ ಫೋನು ಟಿಂಗೆಂದಿತು. ನಿಮ್ಮ ಮಗಳು ಈ ವರ್ಷವಷ್ಟೇ ಹುಟ್ಟಿದ್ದಾಳೆ, ಅವಳು ಫೋನು ಬಳಸಲು ಅಪ್ಪನ ಅಪ್ಪಣೆ ಬೇಕು, ಕೊಡುವಿರಾ ಎಂದು ಬರೆದಿತ್ತು. ಬದುಕಿದೆಯಾ ಬಡಜೀವವೇ ಎಂದುಕೊಂಡು ಅವನು ‘ಹೂಂ’ ಎಂಬುದರ ಮೇಲೆ ಬಲವಾಗಿ ಒತ್ತಿದ. ಕರಡಿ ತಲೆಯಲ್ಲಾಡಿಸಿತು. “ನೀನಿನ್ನೂ ಚಿಕ್ಕವನು ಪುಟ್ಟಾ. ಮೊದಲು ನಿನ್ನ ಮಗಳ ಅಪ್ಪಣೆ ತೆಗೆದುಕೊಂಡು ಬಾ.”

“ಇದು ಯಾವ ಕೋರ್ಟಿಗೆ ಹೋದ್ರೂ ಬಗೆಹರಿಯಲ್ಲ,” ಎಂದು ವಕೀಲರು ತೀರ್ಪು ಕೊಟ್ಟರು. ರಿಪೇರಿ ಅಕ್ಕ ನಗು ತಡೆಯಲಾರದೆ ಲಿಫ್ಟಣ್ಣನ ಸ್ಟೂಲಿನ ಮೇಲೆ ಕುಸಿದಳು.

ಲಿಫ್ಟಣ್ಣ ಟೋಕನ್ ತಂಗಿಯ ಕೈಯಲ್ಲಿದ್ದ ಪರದೆ ನೋಡಿದ. ಮೊಮ್ಮಗಳು ಮತ್ತೆ ನಿದ್ದೆಹೋಗಿದ್ದಳು. “ಇರ್ಲಿ ಬಿಡ್ರಮ್ಮಾ,” ಎಂದ. “ಏಳು ವರ್ಷದ ಹುಡುಗನಿಗೆ ಇಷ್ಟು ಜನ ದೊಡ್ಡವರು ಸಿಕ್ಕಿದ್ರಲ್ಲ. ಇನ್ನೇನು ಬೇಕು?”

ಅವನ ಕೈಯಲ್ಲಿದ್ದ ಫೋನಿನ ಗುಲಾಬಿ ಬಣ್ಣ ಮೆಲ್ಲಗೆ ನೀಲಿಯಾಯಿತು. ಕರಡಿ ರಾತ್ರಿಯ ಟೊಪ್ಪಿ ಹಾಕಿಕೊಂಡು ಬಂದು ಆಕಳಿಸಿತು.

“ಮಲಗುವ ಹೊತ್ತಾಯಿತು ಪುಟ್ಟಾ. ಫೋನು ಮುಚ್ಚುತ್ತಿದ್ದೇನೆ. ನಿದ್ದೆ ಬರದಿದ್ದರೆ ದೊಡ್ಡವರ ಹತ್ತಿರ ಒಂದು ಜೋಗುಳ ಹಾಡಿಸಿಕೋ.”