ಎರಡು ಬೆರಳಿನ ಟೇಪು

ಗಡಿಯಾರ ರಿಪೇರಿಯವನಿಗೆ ಬೆರಳೇ ಬದುಕು. ಆ ಬೆರಳಿಗೇ ಸಂಚಕಾರ ತಂದವನು ಸ್ವಂತ ಭಾವಮೈದುನ. ಆಟದ ಹಾಲ್‌ನೊಳಗೆ ಬಂಡೆಯ ಹಾಗೆ ಕಟ್ಟಿದ ಗೋಡೆ ಹತ್ತುವುದನ್ನು ಕಲಿಸುವುದು ಅವನ ಕೆಲಸ. ಬೆಳಿಗ್ಗೆ ಎದ್ದವನೇ ಬಂದು, "ಭಾವ, ಇವತ್ತು ಸ್ಪರ್ಧೆ. ನಮ್ಮ ತಂಡದಲ್ಲಿ ಒಬ್ಬ ಕಡಿಮೆ. ಹೊಸಬರ ವಿಭಾಗಕ್ಕೆ ನಿಮ್ಮ ಹೆಸರು ಕೊಟ್ಬಿಟ್ಟೆ" ಎಂದ.

"ನಾನು ಸ್ಟೂಲ್ ಹತ್ತಿದ್ರೇ ತಲೆ ತಿರುಗುತ್ತಪ್ಪಾ!"

"ನನ್ನ ತಮ್ಮ ಬಾಯಿಬಿಟ್ಟು ಕೇಳ್ತಿದಾನೆ, ಅಷ್ಟೂ ಮಾಡಕ್ಕಾಗಲ್ವಾ?" ಎಂದಳು ಹೆಂಡತಿ. ಅಲ್ಲಿಗೆ ಮಾತು ಮುಗಿಯಿತು.

ಪಕ್ಕದ ಔಷಧಿ ಅಂಗಡಿಯವನು ಉರಿಯುವ ಬೆಂಕಿಗೆ ತುಪ್ಪ ಸುರಿದ. "ಬಿದ್ರೆ ಕೆಳಗೆ ದಪ್ಪ ಹಾಸಿಗೆ ಇರುತ್ತೆ ಬಿಡಿ. ಕೆಡೋದು ಬೆರಳು. ಮೈಭಾರ ಎಲ್ಲಾ ಎರಡು ಬೆರಳ ಮೇಲೆ ಬಿದ್ರೆ ಒಳಗೆ ಪಟ್ ಅಂತ ಹರಿಯುತ್ತೆ. ಆಮೇಲೆ ಮೂರು ತಿಂಗಳು ಚಿಮಟ ಹಿಡಿಯೋ ಹಾಗಿಲ್ಲ."

ರಿಪೇರಿಯವನು ತನ್ನ ಬೆರಳುಗಳನ್ನೇ ನೋಡಿಕೊಂಡ. ಜೊತೆಗೇ ಉಪಾಯವೂ ಹೊಳೆಯಿತು. ಅದೇ ಅಂಗಡಿಯಲ್ಲಿ ಬಿಳಿ ಟೇಪು ಕೊಂಡು ಬಲಗೈಯ ಎರಡು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡ. ಬೆರಳು ಕೆಟ್ಟವನನ್ನು ಯಾವ ಪುಣ್ಯಾತ್ಮ ಗೋಡೆ ಹತ್ತಿಸಿಯಾನು?

ಮನೆಯಲ್ಲಿ ಹೆಂಡತಿಯ ಮುಂದೆ ನರಳಿ, ಹಾಗೇ ನರಳುತ್ತಾ ಸ್ಪರ್ಧೆಯ ಹಾಲ್‌ನೊಳಗೆ ಕಾಲಿಟ್ಟರೆ, ಅಲ್ಲಿ ಪಳಗಿದವರೆಲ್ಲರ ಬೆರಳಿಗೂ ಅದೇ ಬಿಳಿ ಟೇಪು! ಏಟಾಗದಿರಲೆಂದು ಅವರು ಮೊದಲೇ ಸುತ್ತಿಕೊಳ್ಳುತ್ತಾರಂತೆ. ತೀರ್ಪುಗಾರ್ತಿ ಇವನ ಕೈ ನೋಡಿ ಕಣ್ಣರಳಿಸಿದಳು.

"ಹಳೇ ಹುಲಿ! ಇವರನ್ನ ಯಾಕ್ರೀ ಹೊಸಬರ ಜೊತೆ ಹಾಕಿದೀರಾ? ಕಷ್ಟದ ಗೋಡೆಗೆ ಬರ್ಕೊಳ್ಳಿ."

"ಅಯ್ಯೋ ಮೇಡಂ, ನನಗೆ ನಿಜವಾಗ್ಲೂ ಏಟಾಗಿದೆ!"

"ಡಾಕ್ಟರ್ ಇಲ್ಲೇ ಇದಾರಲ್ಲ, ನೋಡ್ತಾರೆ."

ಡಾಕ್ಟರು ಟೇಪು ಬಿಚ್ಚಿದರು, ಬೆರಳು ಮಡಚಿದರು, ಎಳೆದರು, ನಕ್ಕರು. 'ವಜ್ರದಂಥ ಬೆರಳು' ಎಂದು ಚೀಟಿ ಬರೆದು ಭಾವಮೈದುನನ ಕೈಗೇ ಕೊಟ್ಟರು.

ರಿಪೇರಿಯವನು ಕಂಡ ದೇವರಿಗೆಲ್ಲ ಕೈಮುಗಿದು ಹತ್ತಿದ. ಮೂರನೆಯ ಹಿಡಿಗೆ ಕೈ ಚಾಚಿದವನು ಹಲಸಿನ ಹಣ್ಣಿನಂತೆ ಧೊಪ್ಪನೆ ಹಾಸಿಗೆಯ ಮೇಲೆ ಬಿದ್ದ. ನೆರೆದವರು ನಕ್ಕರೆ ನಗಲಿ! ಬೆರಳು ಎಣಿಸಿಕೊಂಡ, ಹತ್ತಕ್ಕೆ ಹತ್ತೂ ನೆಟ್ಟಗಿದ್ದವು. ಖುಷಿ ತಡೆಯಲಾರದೆ, ಭಾವಮೈದುನನಿಗೂ ಕಾಯದೆ ಹೊರಗೆ ಓಡಿದ. ಹಾಲ್‌ನ ಸ್ಪ್ರಿಂಗ್ ಬಾಗಿಲು ಹಿಂದಿನಿಂದ ಬಂದು ಅದೇ ಎರಡು ಬೆರಳನ್ನು ಕಚ್ಚಿತು.

ಬೆರಳು ಬದನೆಕಾಯಿಯಂತೆ ಊದಿದವು. ಔಷಧಿ ಅಂಗಡಿಯವನು ಉಳಿದಿದ್ದ ಟೇಪನ್ನೇ ಸುತ್ತಿ, "ಮೂರು ತಿಂಗಳು ಚಿಮಟ ಮುಟ್ಬೇಡಿ" ಎಂದ.

ಸಂಜೆ ಮನೆಗೆ ಬಂದ ಭಾವಮೈದುನ ಟೇಪು ನೋಡಿ ಹಿಗ್ಗಿಹೋದ. "ಅಕ್ಕಾ, ಭಾವಂಗೆ ರುಚಿ ಹತ್ತಿದೆ ನೋಡು, ಮನೇಲೂ ಟೇಪು!"

"ಬಾಗಿಲಿಗೆ ಸಿಕ್ಕಿ ಜಜ್ಜಿಹೋಗಿದೆ ಕಣೋ! ಈ ಸಲ ನಿಜ!"

ಗಂಡನ ಮುಖವನ್ನೇ ದಿಟ್ಟಿಸಿದ ಹೆಂಡತಿ, "ಬೆಳಿಗ್ಗೆನೂ ಹೀಗೇ ನರಳಿದ್ರಿ" ಎಂದಳು.

ಭಾವಮೈದುನ ಜೇಬಿನಿಂದ ಡಾಕ್ಟರ ಚೀಟಿ ತೆಗೆದು ಪ್ರೀತಿಯಿಂದ ನೇವರಿಸಿದ. "ವಜ್ರದಂಥ ಬೆರಳು ಭಾವ. ಇದನ್ನ ತೋರಿಸಿ ಮುಂದಿನ ಭಾನುವಾರಕ್ಕೂ ನಿಮ್ಮ ಹೆಸರು ಕೊಟ್ಟು ಬಂದೆ."